ಮೂರು ತಿಂಗಳು ಸಂಬಳವಿಲ್ಲದೆ ದುಡಿ ಅಂತಾರೆ, ಮಗಳು ಒಪ್ಪಬೇಕಾ?

ಪ್ರಶ್ನೆ: ನಾನು ಬಳ್ಳಾರಿಯವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ಮೆಕ್ಯಾನಿಕಲ್ ಓದಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಮೇಂಟೆನೆನ್ಸ್ ಪ್ಲಾನಿಂಗ್ (ಯಂತ್ರಗಳ ರಿಪೇರಿ ಯಾವಾಗ, ಯಾರಿಂದ ಅಂತ ಹೊಂದಿಸುವ ಕೆಲಸ) ನೋಡಿಕೊಳ್ಳುತ್ತಿದ್ದಳು. ಏಳು ತಿಂಗಳ ಹಿಂದೆ ಪಿಆರ್ (ಅಲ್ಲೇ ಕಾಯಂ ನೆಲೆಸುವ ಅನುಮತಿ) ಸಿಕ್ಕಿ ಅಳಿಯನ ಜೊತೆ ಕೆನಡಾದ ಬ್ರಾಂಪ್ಟನ್‌ಗೆ ಹೋದಳು. ನೂರಾ ನಲವತ್ತು ಅರ್ಜಿ ಹಾಕಿದ್ದಾಳೆ, ಎರಡೇ ಫೋನ್ ಬಂದಿವೆ. ಈಗ ಒಂದು ಸಣ್ಣ ಕಂಪನಿಯವರು ಮೂರು ತಿಂಗಳು ಸಂಬಳ ಇಲ್ಲದೆ ಕೆಲಸ ಮಾಡು, ಕೆನಡಾ ಅನುಭವ ಅಂತ ಆಗುತ್ತದೆ, ಆಮೇಲೆ ನೋಡೋಣ ಅಂತಿದ್ದಾರೆ. ಸದ್ಯ ನನ್ನ ಪಿಂಚಣಿಯಿಂದಲೇ ದುಡ್ಡು ಕಳಿಸುತ್ತಿದ್ದೇನೆ. ಎಲ್ಲರೂ ನೆಟ್‌ವರ್ಕಿಂಗ್ ಮಾಡು ಅಂತಾರಂತೆ. ಅದು ವಶೀಲಿ ತಾನೇ? ನಾವು ಯಾರ ಹತ್ತಿರವೂ ವಶೀಲಿ ಹಚ್ಚಿದವರಲ್ಲ. ಏನು ಮಾಡಬೇಕು?

ಉತ್ತರ: ಮೇಷ್ಟ್ರೇ, ಮೊದಲು ನೇರ ಉತ್ತರ, ಆಮೇಲೆ ಕತೆ. ಬೇಡ. ಆ ಕಂಪನಿಯಲ್ಲಿ ಮಗಳು ಮೂರು ತಿಂಗಳು ಬಿಟ್ಟಿ ಚಾಕರಿ ಮಾಡುವುದು ಬೇಡ. ಆದರೆ ನೆಟ್‌ವರ್ಕಿಂಗ್ ಬೇಕು. ಅದು ವಶೀಲಿ ಅಲ್ಲ. ನೀವು ಮಗಳ ಮದುವೆ ಮಾಡುವಾಗ ಅದನ್ನೇ ಮಾಡಿದ್ದೀರಿ. ಅದಕ್ಕೆ ಆಮೇಲೆ ಬರ್ತೇನೆ.

ನಾನು ರಾಯಚೂರಿನವನು. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಬಾಯ್ಲರ್ ಮೀಟರುಗಳನ್ನು ನೋಡಿಕೊಳ್ಳುತ್ತಿದ್ದೆ. 2009ರಲ್ಲಿ ಕೆನಡಾದ ಒಂಟಾರಿಯೊಗೆ ಹೋದೆ, ಅಲ್ಲಿ ಹನ್ನೆರಡು ವರ್ಷ ಇದ್ದೆ. ಈಗ ಬಳ್ಳಾರಿಯಲ್ಲೇ ಕೂತು ಹೊರಗೆ ಹೋಗುವವರಿಗೆ ರೆಸ್ಯೂಮೆ, ಇಂಟರ್‌ವ್ಯೂ ತಯಾರಿ ಹೇಳಿಕೊಡುತ್ತೇನೆ. ನಿಮ್ಮ ಮಗಳಿಗೆ ಬಂದಿರುವ ಈ ಆಫರ್ ನನಗೂ ಬಂದಿತ್ತು, ನಾನು ಒಪ್ಪಿಕೊಂಡಿದ್ದೆ.

ಬ್ರಾಂಪ್ಟನ್ ಪಕ್ಕದ ಮಿಸಿಸಾಗಾದಲ್ಲಿ ಒಂದು ಸಣ್ಣ ಎಂಜಿನಿಯರಿಂಗ್ ಆಫೀಸು. ಹತ್ತು ವಾರ, ಸಂಬಳ ಸೊನ್ನೆ. ಕೆಲಸ ಏನು ಗೊತ್ತಾ? ಹಳೆಯ ಡ್ರಾಯಿಂಗುಗಳಲ್ಲಿರುವ ವಾಲ್ವ್ ನಂಬರುಗಳನ್ನು ನೋಡಿ ಎಕ್ಸೆಲ್‌ನಲ್ಲಿ ಟೈಪ್ ಮಾಡುವುದು. ದಿನಾ ಎಂಟು ಗಂಟೆ. ಕೂತ ಜಾಗದಲ್ಲಿ ನನ್ನ ಹೆಸರಿನ ಒಂದು ಅಂಟುಚೀಟಿ ಇತ್ತು. ಎರಡನೇ ವಾರ ಅದರ ಮೂಲೆ ಎದ್ದುಬಂತು. ಸರಿಮಾಡೋಣ ಅಂತ ಎತ್ತಿದರೆ ಕೆಳಗೆ ಇನ್ನೊಂದು ಚೀಟಿ, ಅದರಲ್ಲಿ ಇನ್ನೊಬ್ಬರ ಹೆಸರು. ಅದರ ಕೆಳಗೆ ಮತ್ತೊಂದು. ಮೂರೂ ಹೆಸರು ನಮ್ಮ ಕಡೆಯವು, ಇಲ್ಲ ಪಾಕಿಸ್ತಾನ, ಫಿಲಿಪೀನ್ಸ್ ಕಡೆಯವು. ಆವತ್ತೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ. ಹತ್ತನೇ ವಾರ ಮುಗಿದ ಮೇಲೆ ಮ್ಯಾನೇಜರ್ ಕೈಕುಲುಕಿ ಒಂದು ಪತ್ರ ಕೊಟ್ಟರು. ಎರಡೇ ಸಾಲು. ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ಸಮಯಕ್ಕೆ ಬರುತ್ತಿದ್ದರು. ಅಷ್ಟೇ.

ಸಂಬಳ ಇಲ್ಲದ ಕೆಲಸದಿಂದ ನಿಜಕ್ಕೂ ಸಿಗಬೇಕಾದ್ದು ಒಂದೇ ಒಂದು ವಸ್ತು. "ಈ ಹುಡುಗಿಯ ಕೆಲಸ ನಾನು ಕಣ್ಣಾರೆ ನೋಡಿದ್ದೇನೆ, ಧೈರ್ಯವಾಗಿ ತಗೊಳ್ಳಿ" ಅಂತ ಅಲ್ಲಿನವರು ಒಬ್ಬರು ಫೋನಿನಲ್ಲಿ ಹೇಳುವ ಮಾತು. 'ಕೆನಡಾ ಅನುಭವ' ಅಂತ ಎಲ್ಲರೂ ಕರೆಯುವುದರ ತಿರುಳು ಇಷ್ಟೇ. ಆ ಮಾತು ಹುಟ್ಟಬೇಕಾದರೆ ಮಗಳ ಕೈಗೆ ಅವಳ ಕೆಲಸವೇ ಬರಬೇಕು, ಅದನ್ನು ಅರಿತವರು ಪಕ್ಕದಲ್ಲಿ ಕೂತು ನೋಡಬೇಕು. ನನ್ನ ಎಕ್ಸೆಲ್ ಟೈಪಿಂಗ್ ನೋಡಿ ಬಾಯ್ಲರ್ ಬಗ್ಗೆ ಯಾರು ಏನು ಹೇಳಲು ಸಾಧ್ಯ?

ಈಗ ಕಾನೂನು. ಬೇಗ ಮುಗಿಸ್ತೇನೆ, ಆದರೆ ಇದು ಮಗಳಿಗೆ ಗೊತ್ತಿರಲೇಬೇಕು. ಬ್ರಾಂಪ್ಟನ್ ಇರುವುದು ಒಂಟಾರಿಯೊ ಪ್ರಾಂತ್ಯದಲ್ಲಿ. ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ, ಕಂಪನಿಯ ನೌಕರರು ಮಾಡುವ ಕೆಲಸವನ್ನೇ ಕಲಿಸುವ ಹೆಸರಿನಲ್ಲಿ ಯಾರನ್ನಾದರೂ ಇಟ್ಟುಕೊಂಡರೆ ಅವರೂ ನೌಕರರೇ, ಕನಿಷ್ಠ ವೇತನ ಕೊಡಲೇಬೇಕು. ಟ್ರೈನಿ, ಇಂಟರ್ನ್, ವಾಲಂಟಿಯರ್ ಅಂತ ಯಾವ ಹೆಸರಿಟ್ಟರೂ ಅಷ್ಟೇ. ಮೊದಲು ಆರು ಷರತ್ತಿನ ಒಂದು ಕಿಂಡಿ ಇತ್ತು, ನಮ್ಮಂಥವರನ್ನೆಲ್ಲ ಅದರಲ್ಲೇ ತೂರಿಸುತ್ತಿದ್ದರು. 2018ರ ಜನವರಿಯಿಂದ ಅದನ್ನೂ ಮುಚ್ಚಿದರು. ಈಗ ಉಳಿದಿರುವ ಮುಖ್ಯ ವಿನಾಯಿತಿ ಎಂದರೆ ಕಾಲೇಜು, ಯೂನಿವರ್ಸಿಟಿ ಕೋರ್ಸಿನ ಭಾಗವಾಗಿ ವಿದ್ಯಾರ್ಥಿಗಳು ಮಾಡುವ ಪ್ಲೇಸ್‌ಮೆಂಟ್, ಅಂದರೆ ಕಂಪನಿಯಲ್ಲಿ ಕೆಲವು ಕಾಲ ತರಬೇತಿ ಕೆಲಸ. ಬ್ಯಾಂಕು, ಟೆಲಿಕಾಂ, ವಿಮಾನ ಕಂಪನಿಗಳು ಕೇಂದ್ರದ ಕಾನೂನಿಗೆ ಬರುತ್ತವೆ. ಅಲ್ಲೂ 2020ರ ಸೆಪ್ಟೆಂಬರ್‌ನಿಂದ ಓದಿನ ಭಾಗವಲ್ಲದ ಬಿಟ್ಟಿ ಇಂಟರ್ನ್‌ಶಿಪ್ ನಿಷೇಧ. ಬೇರೆ ಪ್ರಾಂತ್ಯಗಳ ನಿಯಮ ಬೇರೆ, ಅದು ನಿಮಗೆ ಬೇಡ.

ಲೆಕ್ಕ ಹಾಕಿ ನೋಡಿ. 2025ರ ಅಕ್ಟೋಬರ್‌ನಿಂದ ಅಲ್ಲಿ ಕನಿಷ್ಠ ವೇತನ ಗಂಟೆಗೆ 17.60 ಡಾಲರ್. ವಾರಕ್ಕೆ 40 ಗಂಟೆ, 12 ವಾರ, ಅಂದರೆ 480 ಗಂಟೆ. ಒಟ್ಟು 8,448 ಡಾಲರ್. ನಮ್ಮ ದುಡ್ಡಿನಲ್ಲಿ ಐದು ಲಕ್ಷ ದಾಟುತ್ತದೆ. ಬಳ್ಳಾರಿಯ ಒಬ್ಬ ನಿವೃತ್ತ ಮೇಷ್ಟ್ರ ಪಿಂಚಣಿಯಿಂದ ಕೆನಡಾದ ಒಂದು ಕಂಪನಿಗೆ ಐದು ಲಕ್ಷದ ಕೆಲಸ ಪುಕ್ಕಟೆಯಾಗಿ ಹೋಗುತ್ತದೆ, ಅಲ್ವಾ? ಮಗಳು ವಿದೇಶಕ್ಕೆ ಹೋದಳು, ಇನ್ನು ಡಾಲರ್ ಬರ್ತಾವೆ ಅಂತ ಬೀದಿಯವರು ಅಂದುಕೊಂಡಿರುತ್ತಾರೆ. ದುಡ್ಡು ಯಾವ ಕಡೆಗೆ ಹೋಗುತ್ತಿದೆ ಅಂತ ನಿಮಗೆ ಮಾತ್ರ ಗೊತ್ತು. ಇದು ನಿಮ್ಮ ಮನೆಯೊಂದರ ಕತೆ ಅಲ್ಲ. ಮೊದಲ ವರ್ಷ ಹೀಗೆಯೇ ನಡೆಯುವ ಮನೆಗಳನ್ನು ನಾನು ತುಂಬ ನೋಡಿದ್ದೇನೆ, ಅದಕ್ಕೆ ನಾಚಿಕೊಳ್ಳಬೇಡಿ.

ಹಾಗಂತ ಮಗಳು ಆ ಕಂಪನಿಗೆ ಫೋನ್ ಮಾಡಿ ಕಾನೂನು ಓದಿ ಹೇಳುವುದು ಬೇಡ. ನಯವಾಗಿ ಒಂದು ಮಾತು ಕೇಳಲಿ. ಒಂಟಾರಿಯೊದಲ್ಲಿ ಮೂರು ತಿಂಗಳು ತುಂಬದ ನೌಕರರನ್ನು ಬೇಡ ಅನ್ನಿಸಿದರೆ ಕಾನೂನಿನ ಪ್ರಕಾರ ನೋಟಿಸ್ ಇಲ್ಲದೆಯೇ ಕಳಿಸಬಹುದು. ಅಂದರೆ ಮಾಲೀಕನ ಕೈಯಲ್ಲಿ ಪರೀಕ್ಷೆಯ ಅವಧಿ ಈಗಾಗಲೇ ಇದೆ. "ನನ್ನನ್ನು ಪರೀಕ್ಷೆ ಮಾಡಿ, ತೊಂದರೆ ಇಲ್ಲ. ಆದರೆ ಸಂಬಳ ಕೊಟ್ಟು ಮಾಡಿ. ಬೇಕಿದ್ದರೆ ವಾರಕ್ಕೆ ಮೂರೇ ದಿನ ಬರ್ತೇನೆ" ಅಂತ ಕೇಳಲಿ. ನಿಜವಾಗಿ ಜನ ಬೇಕಾಗಿರುವ ಕಂಪನಿ ಇದಕ್ಕೆ ಏನಾದರೂ ಒಂದು ದಾರಿ ಹುಡುಕುತ್ತದೆ. ಬಿಟ್ಟಿ ಕೈ ಮಾತ್ರ ಬೇಕಾಗಿರುವ ಕಂಪನಿ ಮರುದಿನದಿಂದ ಫೋನ್ ಎತ್ತುವುದಿಲ್ಲ. ಎರಡರಲ್ಲಿ ಯಾವುದಾದರೂ ಮಗಳಿಗೆ ಒಳ್ಳೆಯದೇ. ಈಗಾಗಲೇ ಹೋಗಲು ಶುರುಮಾಡಿದ್ದರೆ, ದಿನಾ ಎಷ್ಟು ಗಂಟೆ, ಏನು ಕೆಲಸ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಬಾಕಿ ಸಂಬಳಕ್ಕೆ ಎರಡು ವರ್ಷದೊಳಗೆ ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಇನ್ನು ಪ್ಲೇಸ್‌ಮೆಂಟ್ ಕೊಡಿಸ್ತೇವೆ, ಇಷ್ಟು ಡಾಲರ್ ಕಟ್ಟಿ ಅಂತ ಯಾರಾದರೂ ಬಂದರೆ ಆ ಮಾತು ಅಲ್ಲಿಗೇ ಬಿಡಲಿ.

ಸಂಬಳ ಇಲ್ಲದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಂದೆರಡು ದಿನ ಒಬ್ಬರ ಪಕ್ಕ ನಿಂತು ಕೆಲಸ ನೋಡುವುದು ಒಳ್ಳೆಯದು. ಫುಡ್ ಬ್ಯಾಂಕಿನಂಥ ಸೇವಾ ಸಂಸ್ಥೆಯಲ್ಲಿ ಶನಿವಾರ ಎರಡು ಗಂಟೆ ಕೈಜೋಡಿಸುವುದೂ ಒಳ್ಳೆಯದು, ಜನರ ಪರಿಚಯ ಆಗುತ್ತದೆ, ಮಾತಿನ ಧಾಟಿ ಕಿವಿಗೆ ಹತ್ತುತ್ತದೆ. ವಲಸೆ ಬಂದ ವೃತ್ತಿಪರರಿಗೆ ಅಂತಲೇ ಬ್ರಿಡ್ಜ್ ಟ್ರೈನಿಂಗ್ ಕೋರ್ಸುಗಳಿವೆ. ಅದರೊಳಗಿನ ಪ್ಲೇಸ್‌ಮೆಂಟ್ ಆದರೆ ಹೋಗಲಿ, ಅಲ್ಲಿ ಕೇಳುವವರು ಒಬ್ಬರು ಇರುತ್ತಾರೆ. ಕರಿಯರ್ ಎಡ್ಜ್ ಅನ್ನುವ ಸಂಸ್ಥೆ 1996ರಿಂದ ಇದೆ, ಹೊರದೇಶದಲ್ಲಿ ಓದಿ ಬಂದವರಿಗೆ ಸಂಬಳ ಇರುವ ಇಂಟರ್ನ್‌ಶಿಪ್ ಕೊಡಿಸುತ್ತದೆ. ಮೊದಲು ಅದನ್ನು ನೋಡಲಿ.

ನನ್ನ ಕತೆಗೆ ವಾಪಸ್ ಬರ್ತೇನೆ. ಆ ಹತ್ತು ವಾರದಲ್ಲಿ ಒಂದು ಒಳ್ಳೆಯದೂ ಆಯಿತು. ಊಟದ ಹೊತ್ತಿಗೆ ಮೈಕ್ರೋವೇವ್ ಮುಂದೆ ಎಲ್ಲರೂ ಸಾಲು ನಿಲ್ಲುತ್ತಿದ್ದರು. ನನಗೆ ಮೈಕ್ರೋವೇವ್ ಬೇಕಿರಲಿಲ್ಲ, ನನ್ನ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಪಕ್ಕದ ಆಫೀಸಿನ ಒಬ್ಬ ವಯಸ್ಸಾದ ಪೋಲಿಷ್ ಟೆಕ್ನಿಷಿಯನ್, ಇದೇನಯ್ಯಾ ಹಪ್ಪಳದ ಹಾಗೆ ಮುರಿದು ತಿಂತೀಯಾ ಅಂತ ಕೇಳಿದ. ಒಂದು ತುಂಡು ಕೊಟ್ಟೆ. ಮಾತಿಗೆ ಮಾತು ಬೆಳೆದು, ಊರಲ್ಲಿ ಏನು ಮಾಡ್ತಿದ್ದೆ ಅಂದ. ಬಾಯ್ಲರ್ ಮೀಟರ್ ಅಂದೆ. ನನ್ನ ಪಕ್ಕದ ಮನೆಯವನ ಫ್ಯಾಕ್ಟರಿಯಲ್ಲಿ ಬಾಯ್ಲರ್ ಇದೆ, ಮೀಟರ್ ಕ್ಯಾಲಿಬ್ರೇಷನ್‌ಗೆ (ಮೀಟರ್ ಸರಿಯಾಗಿ ತೋರಿಸುತ್ತಾ ಅಂತ ಪರೀಕ್ಷಿಸಿ ಸರಿಮಾಡಲು) ಜನ ಸಿಗ್ತಿಲ್ಲ ಅಂತಿದ್ದ, ಕೇಳ್ತೇನೆ ಅಂದ. ಐದು ವಾರಕ್ಕೆ ಹ್ಯಾಮಿಲ್ಟನ್ ಕಡೆಯ ಒಂದು ಆಹಾರ ಕಾರ್ಖಾನೆಯಲ್ಲಿ ನನಗೆ ಸಂಬಳದ ಕೆಲಸ ಸಿಕ್ಕಿತು.

ಬಿಟ್ಟಿ ಕೆಲಸಕ್ಕೆ ಹೋಗಿದ್ದಕ್ಕೇ ಅವನು ಸಿಕ್ಕಿದ್ದಲ್ವಾ ಅಂತ ನೀವು ಕೇಳಬಹುದು. ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಹೌದು, ನಿಜ. ಆದರೆ ಕೆಲಸ ಕೊಡಿಸಿದ್ದು ಆ ಹತ್ತು ವಾರದ ಟೈಪಿಂಗ್ ಅಲ್ಲ, ಆ ಹತ್ತು ನಿಮಿಷದ ಮಾತು. ಅಂಥ ಮಾತಿಗೆ ಐದು ಲಕ್ಷ ಕೊಡಬೇಕಾಗಿಲ್ಲ.

ಇದರ ಬಗ್ಗೆ ಒಂದು ಹಳೆಯ ಅಧ್ಯಯನವೇ ಇದೆ. ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಪ್ರಕಟಿಸಿದ್ದು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದರು, ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿ ಆಗ್ತಿದ್ದಿರಿ ಅಂತ. ಆಗಾಗ ಭೇಟಿ ಆಗುತ್ತಿದ್ದೆವು ಅಂದವರು ಸುಮಾರು 17 ಪ್ರತಿಶತ ಮಾತ್ರ. ಉಳಿದವರಿಗೆಲ್ಲ ಕೆಲಸದ ಸುದ್ದಿ ಕೊಟ್ಟಿದ್ದು ಯಾವಾಗಲೋ ಒಮ್ಮೊಮ್ಮೆ, ಇಲ್ಲ ಅಪರೂಪಕ್ಕೆ ಸಿಗುವ ಜನ. ಕಾರಣ ಸರಳ. ದಿನಾ ಸಿಗುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ಮಗಳು ಬ್ರಾಂಪ್ಟನ್‌ನಲ್ಲಿ ನಮ್ಮವರ ಜೊತೆಗೇ ಓಡಾಡಿಕೊಂಡಿದ್ದರೆ ಹಬ್ಬಕ್ಕೆ ಹೋಳಿಗೆ ಸಿಗುತ್ತದೆ, ಮನಸ್ಸಿಗೂ ಹಿತ, ಅದು ಬೇಕು. ಆದರೆ ಅಲ್ಲಿ ಅರ್ಧ ಜನ ಐಟಿ, ಇನ್ನರ್ಧ ಜನ ಅವಳ ಹಾಗೆಯೇ ಕೆಲಸ ಹುಡುಕುವವರು. ಫರ್ನೇಸ್ ಶಟ್‌ಡೌನ್ (ರಿಪೇರಿಗೆ ಅಂತ ಕುಲುಮೆ ನಿಲ್ಲಿಸುವುದು) ಸುದ್ದಿ ಅಲ್ಲಿ ಎಲ್ಲಿಂದ ಬರಬೇಕು?

ಈಗ ವಶೀಲಿ ವಿಷಯ. ಯೋಗ್ಯತೆ ನೋಡದೆ, ನಮ್ಮವನು ಅಂತ ಒಳಗೆ ತೂರಿಸುವುದು ವಶೀಲಿ. ಮಗಳಿಗೆ ಗಂಡು ನೋಡುವಾಗ ನೀವು ಏನು ಮಾಡಿದಿರಿ? ಯಾರ ಮನೆಗೋ ಹೋಗಿ, ನಿಮ್ಮ ಮಗನನ್ನು ಕೊಡಿ ಅಂತ ಕೈಮುಗಿದು ನಿಂತಿರಾ? ಇಲ್ಲ. ಹೊಸಪೇಟೆಯ ಹಳೆಯ ಸಹೋದ್ಯೋಗಿ ಸಿಕ್ಕಾಗ, ಕೊಪ್ಪಳದ ಮದುವೆಗೆ ಹೋದಾಗ, "ಹುಡುಗಿ ಎಂಜಿನಿಯರಿಂಗ್ ಮುಗಿಸ್ಯಾಳ, ಎಲ್ಲಾದ್ರೂ ಛಲೋ ಮನೆತನ ಇದ್ರ ಒಂದ್ ಮಾತು ಹೇಳ್ರಿ" ಅಂತ ಕಿವಿ ಮೇಲೆ ಹಾಕಿರುತ್ತೀರಿ. ಅವರು ಇನ್ನೊಬ್ಬರ ಕಿವಿ ಮೇಲೆ ಹಾಕಿರುತ್ತಾರೆ. ಕೊನೆಗೆ ಸಂಬಂಧ ಬಂದದ್ದು ನಿಮಗೆ ಗುರುತೇ ಇಲ್ಲದ ಮೂರನೆಯವರಿಂದ ಇರಬಹುದು. ಬಂದ ಮೇಲೆ ಎರಡೂ ಕಡೆಯವರು ವಿಚಾರಿಸಿ, ನೋಡಿ, ಒಪ್ಪಿಕೊಂಡೇ ಮಾಡಿದ್ದು. ಹುಡುಗಿಯ ಯೋಗ್ಯತೆ ಎಲ್ಲಿಯೂ ಕಮ್ಮಿ ಆಗಲಿಲ್ಲ. ನೆಟ್‌ವರ್ಕಿಂಗ್ ಅಂದರೆ ಈ ಕಿವಿ ಮೇಲೆ ಹಾಕುವ ಕೆಲಸ, ಇದರಲ್ಲಿ ಕೈಚಾಚುವುದು ಏನೂ ಇಲ್ಲ.

ಯಾರ ಕಿವಿ ಮೇಲೆ ಹಾಕಬೇಕು? ಇಲ್ಲಿ ನಿಮ್ಮ ಮಗಳು ನೂರಾ ನಲವತ್ತು ಅರ್ಜಿಯ ಹಿಂದೆ ಬಿದ್ದು ಒಂದು ದೊಡ್ಡ ಗಂಟನ್ನು ಮರೆತಿದ್ದಾಳೆ ಅಂತ ನನ್ನ ಅನುಮಾನ. ತೋರಣಗಲ್ಲಿಗೆ ಯಂತ್ರ ಕೊಟ್ಟ ವಿದೇಶಿ ಕಂಪನಿಗಳಿಂದ ಸರ್ವಿಸ್ ಎಂಜಿನಿಯರುಗಳು ಬರುತ್ತಾರಲ್ಲ, ಶಟ್‌ಡೌನ್ ಹೊತ್ತಿನಲ್ಲಿ ಅವರ ಜೊತೆ ಪ್ಲಾನಿಂಗಿನವರೇ ರಾತ್ರಿಯಿಡೀ ಕೂತಿರುತ್ತಾರೆ. ಆ ಕಂಪನಿಗಳಲ್ಲಿ ಎಷ್ಟಕ್ಕೋ ಉತ್ತರ ಅಮೆರಿಕದಲ್ಲೂ ಆಫೀಸು ಇರುತ್ತದೆ. ಮಗಳ ಕೆಲಸವನ್ನು ಕಣ್ಣಾರೆ ನೋಡಿದ ಹೊರಗಿನವರು ಅವರು. ಹಳೆಯ ಇಮೇಲ್ ತೆಗೆದು ನಾಲ್ಕು ಸಾಲು ಬರೆಯಲಿ. ಆಮೇಲೆ ತೋರಣಗಲ್ಲು, ಗಿಣಿಗೇರಾ, ಕುಡಿತಿನಿ ಕಡೆಯಿಂದ ಮೊದಲೇ ಹೋಗಿ ನೆಲೆಯಾದವರು. ಪೆಮ್ಯಾಕ್ ಅಂತ ಕೆನಡಾದ ಮೇಂಟೆನೆನ್ಸ್ ವೃತ್ತಿಯವರದ್ದೇ ಒಂದು ಸಂಘ ಇದೆ, ಅದರ ಸಭೆಗಳಿಗೆ ಹೋಗಲಿ, ಅಲ್ಲಿ ಅವಳ ಭಾಷೆ ಆಡುವವರು ಸಿಗುತ್ತಾರೆ. ಟೊರೊಂಟೊದಲ್ಲಿ ಟ್ರಿಯೆಕ್ ಅನ್ನುವ ಸಂಸ್ಥೆ 2004ರಿಂದ ವಲಸಿಗರಿಗೆ ಅದೇ ವೃತ್ತಿಯ ಮೆಂಟರ್ (ದಾರಿ ತೋರಿಸುವ ಹಿರಿಯರು) ಒಬ್ಬರನ್ನು ಗೊತ್ತು ಮಾಡಿಕೊಡುತ್ತಿದೆ. ದುಡ್ಡು ಕಟ್ಟಬೇಕಿಲ್ಲ.

ಬರೆಯುವಾಗ ಕೆಲಸ ಇದೆಯಾ ಅಂತ ಕೇಳಬಾರದು. ಹಾಗೆ ಕೇಳಿದರೆ ಎದುರಿನವರಿಗೆ ಇರುವುದು ಎರಡೇ ಉತ್ತರ, ಇದೆ ಅಥವಾ ಇಲ್ಲ, ನೂರಕ್ಕೆ ತೊಂಬತ್ತು ಸಲ ಇಲ್ಲ. ಮಾತು ಅಲ್ಲಿಗೆ ಮುಗೀತು. ಬದಲಿಗೆ ಹೀಗೆ ಬರೆಯಲಿ, ಇಂಗ್ಲಿಷಿನಲ್ಲಿ, ಇಷ್ಟೇ ಉದ್ದ: "ಒಂಬತ್ತು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ಶಟ್‌ಡೌನ್ ಪ್ಲಾನಿಂಗ್ ಮಾಡಿದ್ದೇನೆ. ಇಲ್ಲಿಗೆ ಹೊಸಬಳು. ನಿಮ್ಮ ಪ್ಲಾಂಟಿನಲ್ಲಿ ಪ್ಲಾನರ್ ಮತ್ತು ಸೂಪರ್‌ವೈಸರ್ ನಡುವೆ ಕೆಲಸ ಹೇಗೆ ಹಂಚಿರುತ್ತದೆ ಅಂತ ತಿಳಿಯುವ ಆಸೆ. ಹದಿನೈದು ನಿಮಿಷ ಫೋನಿನಲ್ಲಿ ಸಿಗ್ತೀರಾ?" ಇದಕ್ಕೆ ಉತ್ತರ ಕೊಡುವುದು ಸುಲಭ. ತಮ್ಮ ಕೆಲಸದ ಬಗ್ಗೆ ಮಾತಾಡು ಅಂದರೆ ಯಾರಿಗೆ ಬೇಡ? ಹತ್ತು ಜನಕ್ಕೆ ಬರೆದರೆ ಇಬ್ಬರೋ ಮೂವರೋ ಸಿಗುತ್ತಾರೆ. ಮಾತು ಮುಗಿಯುವಾಗ ಒಂದೇ ಪ್ರಶ್ನೆ: ಇನ್ಯಾರ ಜೊತೆ ಮಾತಾಡಿದರೆ ಒಳ್ಳೆಯದು? ಆ ಹೆಸರೇ ಮುಂದಿನ ಮೆಟ್ಟಿಲು. ಮರುದಿನ ಎರಡು ಸಾಲಿನ ಥ್ಯಾಂಕ್ಸ್. ತಿಂಗಳ ಮೇಲೆ, ನೀವು ಹೇಳಿದವರ ಜೊತೆ ಮಾತಾಡಿದೆ, ಹೀಗಾಯಿತು ಅಂತ ಒಂದು ಸಾಲು. ಬಹಳ ಜನ ಈ ಕೊನೆಯ ಸಾಲನ್ನು ಬರೆಯುವುದೇ ಇಲ್ಲ, ಮುಲಾಜು. ಎದುರಿನವರ ನೆನಪಿನಲ್ಲಿ ಉಳಿಯುವುದು ಆ ಸಾಲಿನಿಂದಲೇ.

ರೆಸ್ಯೂಮೆಯಲ್ಲಿ ಒಂದು ಎಚ್ಚರ. ಒಂಟಾರಿಯೊದಲ್ಲಿ ಲೈಸೆನ್ಸ್ ಇಲ್ಲದೆ ಎಂಜಿನಿಯರ್ ಅಂತ ಹಾಕಿಕೊಳ್ಳುವ ಹಾಗಿಲ್ಲ. ಮೇಂಟೆನೆನ್ಸ್ ಪ್ಲಾನರ್ ಅಂತಲೇ ಬರೆಯಲಿ, ಹುಡುಕುವವರೂ ಆ ಹೆಸರಿನಿಂದಲೇ ಹುಡುಕುತ್ತಾರೆ. ಲೈಸೆನ್ಸ್‌ಗೆ ಮೊದಲು 12 ತಿಂಗಳ ಕೆನಡಾ ಅನುಭವ ಬೇಕಿತ್ತು. 2023ರ ಮೇ ತಿಂಗಳಲ್ಲಿ ಅಲ್ಲಿನ ಎಂಜಿನಿಯರುಗಳ ನಿಯಂತ್ರಣ ಸಂಸ್ಥೆ ಅದನ್ನು ತೆಗೆದುಹಾಕಿತು. ಈಗ ಬೇಕಾಗಿರುವುದು 48 ತಿಂಗಳ ಅನುಭವ, ತೋರಣಗಲ್ಲಿನ ವರ್ಷಗಳನ್ನೂ ಅದಕ್ಕೆ ತೋರಿಸಬಹುದು. ಇನ್ನೂ ಒಂದು. 25 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳು ಉದ್ಯೋಗದ ಜಾಹೀರಾತಿನಲ್ಲಿ ಕೆನಡಾ ಅನುಭವ ಬೇಕು ಅಂತ ಹಾಕುವಂತಿಲ್ಲ, 2026ರ ಜನವರಿ 1ರಿಂದ ಕಾನೂನು ಬಂದಿದೆ. ಜಾಹೀರಾತಿನಿಂದ ಆ ಮಾತು ಹೋದ ಮಾತ್ರಕ್ಕೆ ಮ್ಯಾನೇಜರ್ ಮನಸ್ಸಿನಿಂದ ಹೋಗುತ್ತದಾ? ನಾನು ನಂಬುವುದಿಲ್ಲ. ಅದಕ್ಕೇ ಮೇಲಿನ ಇಷ್ಟೆಲ್ಲ ಮಾತು.

ಉಕ್ಕಿನ ಕಾರ್ಖಾನೆಯೇ ಬೇಕು ಅಂತ ಹಟ ಹಿಡಿಯುವುದು ಬೇಡ. ಅಮೆರಿಕ 2025ರಲ್ಲಿ ಉಕ್ಕಿನ ಮೇಲೆ ಮೊದಲು 25, ಆಮೇಲೆ 50 ಪ್ರತಿಶತ ಸುಂಕ ಹಾಕಿದ ಮೇಲೆ ಹ್ಯಾಮಿಲ್ಟನ್, ಸೂ ಸೇಂಟ್ ಮೇರಿ ಊರುಗಳ ಉಕ್ಕಿನ ಉದ್ಯಮಕ್ಕೆ ಪೆಟ್ಟು ಬಿದ್ದಿದೆ. ನನಗೂ ಹೀಗೇ ಆಗಿತ್ತು. ಕಲ್ಲಿದ್ದಲು ವಿದ್ಯುತ್ತನ್ನು ನಂಬಿಕೊಂಡು ಹೋದವನು ನಾನು, ಒಂಟಾರಿಯೊ ಪ್ರಾಂತ್ಯ 2014ಕ್ಕೆ ಕಲ್ಲಿದ್ದಲು ಸ್ಥಾವರಗಳನ್ನೆಲ್ಲ ಮುಚ್ಚಿಬಿಟ್ಟಿತು. ಆದರೆ ಬಾಯ್ಲರ್ ಬಿಸ್ಕತ್ತು ಫ್ಯಾಕ್ಟರಿಯಲ್ಲೂ ಇರುತ್ತದೆ. ಹಾಗೆಯೇ ಪ್ಲಾನಿಂಗ್ ಕೆಲಸ ಸಿಮೆಂಟ್, ಆಹಾರ, ನೀರು ಶುದ್ಧೀಕರಣ ಎಲ್ಲ ಕಡೆಯೂ ಇದೆ. ಬ್ರಾಂಪ್ಟನ್ ಸುತ್ತ ಇರುವ ದೊಡ್ಡ ದೊಡ್ಡ ವೇರ್‌ಹೌಸುಗಳಲ್ಲಿ ಮೈಲಿಗಟ್ಟಲೆ ಕನ್ವೇಯರ್ ಓಡುತ್ತವೆ. ಕೆಟ್ಟಾಗ ರಿಪೇರಿ ಮಾಡಲು ಅಲ್ಲೂ ಮೇಂಟೆನೆನ್ಸ್ ವಿಭಾಗ ಇದೆ, ಸ್ಪೇರ್ ಪಾರ್ಟ್ಸ್ ಸ್ಟೋರ್ ಇದೆ. ನನ್ನ ಸಲಹೆ ಕೇಳಿದರೆ ಬಿಟ್ಟಿ ಆಫೀಸ್ ಕುರ್ಚಿಗಿಂತ ಆ ಸ್ಟೋರಿನಲ್ಲಿ ಸಂಬಳದ ಸಣ್ಣ ಕೆಲಸ ಮೇಲು. ಮೂರು ದಿನ ಅಲ್ಲಿ, ಎರಡು ದಿನ ಈ ಫೋನು, ಸಭೆ, ಅರ್ಜಿ. ಒಳಗಿದ್ದವಳಿಗೆ ಒಳಗಿನ ಹುದ್ದೆಯ ಸುದ್ದಿ ಮೊದಲು ಸಿಗುತ್ತದೆ. ಬೇರಿಂಗ್ ನಂಬರ್ ಬಾಯಿಪಾಠ ಇರುವ ಹುಡುಗಿ ಸ್ಟೋರಿನಲ್ಲಿ ಇದ್ದಾಳೆ ಅಂತ ಸೂಪರ್‌ವೈಸರಿಗೆ ಗೊತ್ತಾಗಲು ಒಂದು ವಾರ ಸಾಕು. ಎಂಜಿನಿಯರ್ ಆಗಿ ಸ್ಟೋರಿನಲ್ಲಾ ಅಂತ ಊರವರು ಅಂದರೆ ಅನ್ನಲಿ ಬಿಡಿ.

ನೀವು ಬಳ್ಳಾರಿಯಲ್ಲಿ ಕೂತು ದುಡ್ಡು ಕಳಿಸುವುದನ್ನು ಬಿಟ್ಟು ಏನು ಮಾಡಬಹುದು? ಒಂದು ಕೆಲಸ ಇದೆ, ಅದು ನಿಮ್ಮಿಂದಲೇ ಆಗಬೇಕು. ಒಂದು ದಿನ ಹೊಸಪೇಟೆ ಕಡೆ ರೈಲು ಹತ್ತಿ ತೋರಣಗಲ್ಲಿನಲ್ಲಿ ಇಳಿಯಿರಿ. ಮಗಳ ಹಳೆಯ ಮ್ಯಾನೇಜರ್, ಅವಳ ಜೊತೆ ಶಟ್‌ಡೌನ್ ಮಾಡಿದ ಇನ್ನೊಬ್ಬರು, ಇಬ್ಬರನ್ನು ನೋಡಿ. ಸುಮ್ನೆ 'ಒಳ್ಳೆಯ ಹುಡುಗಿ' ಅಂತ ಪತ್ರ ಬೇಡ. ಎಷ್ಟು ದಿನದ ಶಟ್‌ಡೌನ್, ಎಷ್ಟು ಜನರ ಕೆಲಸ ಅವಳು ಹೊಂದಿಸಿದ್ದಳು, ಎಷ್ಟು ಗಂಟೆ ಉಳಿಯಿತು ಅಂತ ಅವರ ಕೈಯಲ್ಲಿ ಬರೆಸಿಕೊಳ್ಳಿ. ಆಮೇಲೆ ಅವರ ಫೋನಿನಲ್ಲಿ ಮಗಳ ಹೆಸರಿನ ಜೊತೆ 'ಕೆನಡಾ' ಅಂತ ಸೇವ್ ಮಾಡಿಸಿ, ಇದನ್ನೂ ಹೇಳಿ: ಅಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಮಗಳ ಕೆಲಸದ ಬಗ್ಗೆ ವಿಚಾರಿಸಲು ಆ ಹೊತ್ತಿಗೆ ಪ್ಲಸ್ ಒಂದರಿಂದ ಶುರುವಾಗುವ ಗುರುತಿಲ್ಲದ ನಂಬರಿನಿಂದ ಫೋನ್ ಬರಬಹುದು. ನಮ್ಮವರು ಅದನ್ನು ಲೋನ್ ಕೊಡುವವರ ಕಾಲ್ ಅಂದುಕೊಂಡು ಕಟ್ ಮಾಡುತ್ತಾರೆ. ನನಗೆ ಬರಬೇಕಿದ್ದ ಒಂದು ಕೆಲಸ ಶಕ್ತಿನಗರದಲ್ಲಿ ಹಾಗೆಯೇ ಎರಡು ಸಲ ಕಟ್ ಆಗಿತ್ತು.